ಇ-ಪುಸ್ತಕ: ಬೆಲೆ ಎಷ್ಟು, ಬರುವುದು ಯಾವಾಗ?

ಕಾಗದವಿಲ್ಲ, ಶಾಯಿಯಿಲ್ಲ, ಬೈಂಡಿಂಗ್ ಇಲ್ಲ, ಲಾರಿ ಬಾಡಿಗೆ ಇಲ್ಲ, ಗೋದಾಮಿನಲ್ಲಿ ಗೆದ್ದಲು ಹತ್ತುವ ಭಯವೂ ಇಲ್ಲ. ಹಾಗಿದ್ದ ಮೇಲೆ ಇ-ಪುಸ್ತಕಕ್ಕೆ ಇಷ್ಟೊಂದು ಬೆಲೆ ಏಕೆ? ಓದುಗರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯ ಪ್ರಶ್ನೆ ಇನ್ನೂ ನೇರವಾದದ್ದು. ಪುಸ್ತಕ ಅಂಗಡಿಗೆ ಬಂದು ಆರು ತಿಂಗಳಾಯಿತು, ಮೊಬೈಲಿನಲ್ಲಿ ಓದುವ ಪ್ರತಿ ಬರುವುದು ಯಾವಾಗ? ಕತೆ ಬರೆಯುವವರು ಇವೆರಡನ್ನೂ ವ್ಯಾಪಾರದ ಮಾತೆಂದು ಪಕ್ಕಕ್ಕಿಡುವುದುಂಟು. ಆದರೆ ನಾವು ಬರೆದದ್ದು ಯಾರಿಗೆ ತಲುಪುತ್ತದೆ, ಯಾರಿಗೆ ತಲುಪುವುದೇ ಇಲ್ಲ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಈ ಎರಡು ಪ್ರಶ್ನೆಗಳಲ್ಲೇ.

ನಮ್ಮ ಕಳೆದ ಕಥಾಸಂಕಲನ 160 ಪುಟಗಳದ್ದು. ಬೆಲೆ 180 ರೂಪಾಯಿ, ಅಚ್ಚಾದದ್ದು 500 ಪ್ರತಿ. ಅದು ಬಿಡುಗಡೆಯಾಗುವ ದಿನವೇ ಇ-ಪುಸ್ತಕವೂ ಬರಲಿ ಎಂಬುದು ನಮ್ಮ ಆಸೆಯಾಗಿತ್ತು. ಪ್ರಕಾಶಕರು ಸಜ್ಜನರು, ಲೆಕ್ಕದಲ್ಲಿ ಮೋಸ ಮಾಡುವವರಲ್ಲ. ಆದರೆ ಈ ಮಾತು ಬಂದಾಗ ಮಾತ್ರ ಕೈಮುಗಿದರು. “ಮೊದಲು ಲೈಬ್ರರಿ ಆಯ್ಕೆ ಆಗಲಿ ಸಾರ್. ಈಗಲೇ ಮೊಬೈಲಿಗೆ ಬಿಟ್ಟರೆ ಕೊಳ್ಳೋ ನಾಲ್ಕು ಜನಾನೂ ಕೊಳ್ಳಲ್ಲ” ಎಂದರು. ಅವರ ‘ಮೊದಲು’ ಮುಗಿಯುವ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದಿತ್ತು.

ಆ ಹದಿನಾಲ್ಕು ತಿಂಗಳೂ ಇಬ್ಬರು ನಮ್ಮನ್ನು ಬಿಡದೆ ಕೇಳುತ್ತಿದ್ದರು. ಒಬ್ಬ ದಮ್ಮಾಮಿನಲ್ಲಿ ದುಡಿಯುವ ನಮ್ಮ ಚಾಚಾನ ಮಗ. ಊರಿನಿಂದ ಅಲ್ಲಿಗೆ ಒಂದು ಪುಸ್ತಕ ತರಿಸಿಕೊಳ್ಳಬೇಕಾದರೆ ಪುಸ್ತಕದ ಬೆಲೆಗಿಂತ ಅಂಚೆಯ ಖರ್ಚೇ ಹೆಚ್ಚು. “ಭಾಯಿಜಾನ್, ದುಡ್ಡು ಕೊಡೋಕೆ ನಾನು ರೆಡಿ ಇದ್ದೀನಿ, ತೊಗೊಳ್ಳೋಕೆ ನೀವೇ ರೆಡಿ ಇಲ್ವಲ್ಲ” ಎಂದು ಫೋನಿನಲ್ಲಿ ನಗುತ್ತಿದ್ದ. ಇನ್ನೊಬ್ಬರು ನಮ್ಮ ತಾಲೂಕಿನವರೇ ಆದ ನಿವೃತ್ತ ಶಿಕ್ಷಕರು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿದೆ. ಮೊಬೈಲು ಓದಿ ಹೇಳುವುದನ್ನು ಕಿವಿಯಲ್ಲಿ ಕೇಳಿಯೇ ಪುಸ್ತಕ ಮುಗಿಸುವವರು. ಅವರ ಕೈಗೆ ನಮ್ಮ ಅಚ್ಚಾದ ಪುಸ್ತಕ ಕೊಟ್ಟರೆ ಅದರ ತೂಕವಲ್ಲದೆ ಬೇರೇನೂ ಅವರಿಗೆ ಸಿಗುವುದಿಲ್ಲ. ಇವರಿಬ್ಬರೂ ಮುದ್ರಿತ ಪ್ರತಿಯನ್ನು ಕೊಳ್ಳುವವರೇ ಅಲ್ಲ. ಹಾಗಿರುವಾಗ ಇವರನ್ನು ಕಾಯಿಸಿ ಯಾರ ಮಾರಾಟವನ್ನು ಉಳಿಸಿದಂತಾಯಿತು?

ಈ ಪ್ರಶ್ನೆಯ ಬೆನ್ನು ಹತ್ತಿದಾಗ ತಿಳಿದದ್ದು, ಇದೇ ಜಗಳವನ್ನು ನಮಗಿಂತ ಬಹಳ ದೊಡ್ಡವರು ಅಮೆರಿಕದಲ್ಲಿ ಆಡಿ, ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದಿದ್ದಾರೆ ಎಂದು. ಆ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕನ್ನಡದಲ್ಲಿ ನಾವು ಇಂದು ಆಡುವ ವಾದಗಳೆಲ್ಲವೂ ಅಲ್ಲಿ ಆಗಲೇ ಆಡಿ ಮುಗಿದಿವೆ.

2007ರ ನವೆಂಬರಿನಲ್ಲಿ ಅಮೆಜಾನ್ ಕಂಪೆನಿ ‘ಕಿಂಡಲ್’ ಎಂಬ ಓದುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಯಂತ್ರದ ಬೆಲೆ 399 ಡಾಲರ್. ಅದರಲ್ಲಿ ಓದಲು ಸಿಗುವ ಹೊಸ, ಜನಪ್ರಿಯ ಪುಸ್ತಕಗಳಿಗೆ ಕಂಪೆನಿ ಇಟ್ಟ ಬೆಲೆ 9 ಡಾಲರ್ 99 ಸೆಂಟ್. ಅದೇ ಪುಸ್ತಕ ಗಟ್ಟಿ ರಟ್ಟಿನಲ್ಲಿ ಬೇಕೆಂದರೆ ಸುಮಾರು 26 ಡಾಲರ್ ಮುಖಬೆಲೆ. ಆಗಿನ ಪದ್ಧತಿಯ ಪ್ರಕಾರ ಪ್ರಕಾಶಕರು ಮುಖಬೆಲೆಯ ಸುಮಾರು ಅರ್ಧಕ್ಕೆ ಅಂಗಡಿಯವರಿಗೆ ಪುಸ್ತಕ ಕೊಡುತ್ತಿದ್ದರು, ಆಮೇಲೆ ಅಂಗಡಿಯವರು ತಮಗಿಷ್ಟ ಬಂದ ಬೆಲೆಗೆ ಮಾರಬಹುದಿತ್ತು. ಅಂದರೆ 13 ಡಾಲರಿಗೆ ಕೊಂಡದ್ದನ್ನು ಅಮೆಜಾನ್ ಹತ್ತು ಡಾಲರಿಗೂ ಕಡಿಮೆಗೆ ಮಾರುತ್ತಿತ್ತು. ಪ್ರತಿಯೊಂದಕ್ಕೆ ಮೂರು ಡಾಲರ್ ಕೈಯಿಂದ ಹೋಗುತ್ತಿತ್ತು. ತನ್ನ ಯಂತ್ರ ಮನೆಮನೆಗೆ ಸೇರಲಿ, ಓದುಗರು ತನ್ನ ಅಂಗಡಿಯನ್ನೇ ನೆಚ್ಚಿಕೊಳ್ಳಲಿ ಎಂಬುದು ಅದರ ಲೆಕ್ಕಾಚಾರ.

ಇದರಲ್ಲಿ ಪ್ರಕಾಶಕರಿಗೆ ನಷ್ಟವೇನೂ ಇರಲಿಲ್ಲ. ಅವರಿಗೆ ಬರಬೇಕಾದ 13 ಡಾಲರ್ ಬರುತ್ತಲೇ ಇತ್ತು. ಆದರೂ ನಿದ್ದೆಗೆಟ್ಟವರು ಅವರೇ. ಹೊಸ ಪುಸ್ತಕವೆಂದರೆ ಹತ್ತು ಡಾಲರಿನೊಳಗೆ ಸಿಗುವ ವಸ್ತು ಎಂದು ಓದುಗರ ಮನಸ್ಸಿನಲ್ಲಿ ಒಮ್ಮೆ ಕೂತುಬಿಟ್ಟರೆ ನಾಳೆ 26 ಡಾಲರ್ ಕೊಡುವವರು ಯಾರು? ಇವತ್ತು ನಷ್ಟ ಹೊತ್ತುಕೊಂಡ ಅಂಗಡಿ ನಾಳೆ ಬಲಿತ ಮೇಲೆ ‘ನನಗೂ ಕಡಿಮೆಗೆ ಕೊಡಿ’ ಎಂದು ಪಟ್ಟು ಹಿಡಿದರೆ ಮಾಡುವುದೇನು? ಒಂದು ವಸ್ತುವಿನ ಬೆಲೆ ಅದರ ತಯಾರಿಕೆಯ ಖರ್ಚಿನಿಂದ ಹುಟ್ಟುತ್ತದೆ ಎಂದು ನಾವು ತಿಳಿದಿರುತ್ತೇವೆ. ಪುಸ್ತಕದ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ. ಉಳಿದರ್ಧ, ಇದಕ್ಕೆ ಇಷ್ಟು ಕೊಡುವುದು ನ್ಯಾಯ ಎಂಬ ಓದುಗರ ನಂಬಿಕೆ. ಅಮೆರಿಕದ ಪ್ರಕಾಶಕರು ಕಾಯಲು ಹೊರಟಿದ್ದು ಆ ನಂಬಿಕೆಯನ್ನು.

ಬೆಲೆ ತಮ್ಮ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ದಿನಾಂಕ. ಆದ್ದರಿಂದ ಅದನ್ನೇ ಹಿಡಿದುಕೊಂಡರು. 2009ರ ಸೆಪ್ಟೆಂಬರಿನಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿಯವರ ಆತ್ಮಕಥೆ ಬಂದಾಗ ಜೊತೆಯಲ್ಲಿ ಇ-ಪುಸ್ತಕ ಬರಲಿಲ್ಲ. ನವೆಂಬರಿನಲ್ಲಿ ಸ್ಟೀಫನ್ ಕಿಂಗ್ ಅವರ ‘ಅಂಡರ್ ದ ಡೋಮ್’ ಎಂಬ ದಪ್ಪ ಕಾದಂಬರಿ 35 ಡಾಲರ್ ಬೆಲೆಯಲ್ಲಿ ಹೊರಬಿತ್ತು, ಅದರ ಇ-ಪುಸ್ತಕಕ್ಕೆ ಗೊತ್ತುಮಾಡಿದ ದಿನ ಡಿಸೆಂಬರ್ 24. ಡಿಸೆಂಬರಿನಲ್ಲಿ ಸೈಮನ್ ಅಂಡ್ ಶುಸ್ಟರ್, ಹ್ಯಾಚೆಟ್ ಮುಂತಾದ ದೊಡ್ಡ ಪ್ರಕಾಶನಗಳು ಮುಂದಿನ ವರ್ಷದಿಂದ ಹಲವು ಮುಖ್ಯ ಪುಸ್ತಕಗಳ ಇ-ಪ್ರತಿಯನ್ನು ಸುಮಾರು ನಾಲ್ಕು ತಿಂಗಳು ತಡವಾಗಿ ಬಿಡುವುದಾಗಿ ಹೇಳಿದವು. ಆ ವ್ಯಾಪಾರದಲ್ಲಿ ಇದನ್ನು ‘ವಿಂಡೋಯಿಂಗ್’ ಎನ್ನುತ್ತಾರೆ. ಸಿನಿಮಾ ಮೊದಲು ಥಿಯೇಟರಿಗೆ, ತಿಂಗಳುಗಳ ನಂತರ ಟಿ.ವಿ.ಗೆ ಬರುತ್ತದಲ್ಲ, ಅದೇ ಕ್ರಮ.

ಓದುಗರು ಸುಮ್ಮನಿರಲಿಲ್ಲ. 2010ರ ಜನವರಿಯಲ್ಲಿ ‘ಗೇಮ್ ಚೇಂಜ್’ ಎಂಬ ರಾಜಕೀಯ ಪುಸ್ತಕ ಬಂದಾಗ ಇ-ಪುಸ್ತಕ ಇಲ್ಲವೆಂದು ಸಿಟ್ಟಾದವರು ಪುಸ್ತಕವನ್ನು ಓದದೆಯೇ ಒಂದೊಂದು ನಕ್ಷತ್ರ ಕೊಟ್ಟು ಸೇಡು ತೀರಿಸಿಕೊಂಡರು. ಬೆಲೆಯನ್ನೂ ದಿನಾಂಕವನ್ನೂ ತೀರ್ಮಾನಿಸಿದವರು ಪ್ರಕಾಶಕರು, ಬೈಸಿಕೊಂಡದ್ದು ಬರೆದವರ ಪುಸ್ತಕ.

ಅದೇ ತಿಂಗಳ 27ರಂದು ಆಪಲ್ ಕಂಪೆನಿ ಐಪ್ಯಾಡನ್ನು ತೋರಿಸಿತು. ಅದರ ಪುಸ್ತಕದಂಗಡಿಯ ಕ್ರಮ ಬೇರೆ. ಬೆಲೆ ಇಡುವವರು ಪ್ರಕಾಶಕರು, ಅಂಗಡಿಗೆ ನೂರಕ್ಕೆ 30ರ ಕಮಿಷನ್. ಹೊಸ ಪುಸ್ತಕಗಳಿಗೆ 12.99ರಿಂದ 14.99 ಡಾಲರ್. ಮ್ಯಾಕ್‌ಮಿಲನ್ ಪ್ರಕಾಶನ ಇದೇ ಕ್ರಮಕ್ಕೆ ಒಪ್ಪಬೇಕೆಂದು ಅಮೆಜಾನನ್ನು ಕೇಳಿತು. ಹಳೆಯ ಕ್ರಮದಲ್ಲೇ ಇರುವುದಾದರೆ ಇ-ಪುಸ್ತಕಗಳು ತಿಂಗಳುಗಟ್ಟಲೆ ತಡವಾಗಿ ಸಿಗುತ್ತವೆ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಜನವರಿ 29ರಂದು ಅಮೆಜಾನ್ ಮ್ಯಾಕ್‌ಮಿಲನ್ ಪುಸ್ತಕಗಳ, ಮುದ್ರಿತ ಪ್ರತಿಗಳದ್ದೂ ಸೇರಿ, ‘ಕೊಳ್ಳಿ’ ಎಂಬ ಗುಂಡಿಯನ್ನೇ ತೆಗೆದುಹಾಕಿತು. ಎರಡು ದಿನಗಳಾದ ಮೇಲೆ ಸೋಲೊಪ್ಪಿಕೊಂಡಿತು. ಬೆಲೆ ಮತ್ತು ಬಿಡುಗಡೆಯ ದಿನ ಎರಡು ಬೇರೆ ವಿಷಯಗಳೆಂದು ನಾವು ಮಾತನಾಡುತ್ತೇವೆ. ಈ ಪ್ರಕರಣದಲ್ಲಿ ಒಂದು ಇನ್ನೊಂದಕ್ಕೆ ಚಾಟಿಯಾಗಿತ್ತು.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ಹಳೆಯ ಕ್ರಮದಲ್ಲಿ ಪ್ರಕಾಶಕರಿಗೆ ಒಂದು ಇ-ಪುಸ್ತಕಕ್ಕೆ 13 ಡಾಲರ್ ಸಿಗುತ್ತಿತ್ತು. ಹೊಸ ಕ್ರಮದಲ್ಲಿ 12.99ಕ್ಕೆ ಮಾರಿದರೆ ಅವರ ಕೈಸೇರುವುದು 9 ಡಾಲರ್ 9 ಸೆಂಟ್. ಗಿರಾಕಿ ಹೆಚ್ಚು ಕೊಡುತ್ತಾನೆ, ಪ್ರಕಾಶಕರಿಗೆ ಕಡಿಮೆ ಬರುತ್ತದೆ. ತಿಳಿದೇ ಅವರು ಇದನ್ನು ಆರಿಸಿಕೊಂಡರು, ಬೆಲೆ ಇಡುವ ಅಧಿಕಾರ ತಮ್ಮ ಬಳಿ ಉಳಿಯಲಿ ಎಂದು. ಬರೆದವರ ಪಾಲೇನಾಯಿತು? ಅಲ್ಲಿನ ರೂಢಿಯಂತೆ ಇ-ಪುಸ್ತಕದಲ್ಲಿ ಪ್ರಕಾಶಕರಿಗೆ ಬಂದದ್ದರ ನೂರಕ್ಕೆ 25 ಭಾಗ ಲೇಖಕರದು. ಮೊದಲು ಮೂರೂಕಾಲು ಡಾಲರ್ ಇದ್ದದ್ದು ಎರಡೂಕಾಲಕ್ಕೆ ಇಳಿಯಿತು. ಗಟ್ಟಿ ರಟ್ಟಿನ ಪುಸ್ತಕಕ್ಕಾದರೆ ಮುಖಬೆಲೆಯ ಶೇಕಡ 15ರಂತೆ 3 ಡಾಲರ್ 90 ಸೆಂಟ್ ಬರುತ್ತಿತ್ತು. ದೊಡ್ಡವರ ಜಗಳದಲ್ಲಿ ಗೆದ್ದವರು ಯಾರೇ ಇರಲಿ, ಬರೆದವರ ಜೇಬಿನಿಂದ ಒಂದು ಡಾಲರ್ ಹೋದದ್ದಂತೂ ನಿಜ. ಈ ಲೆಕ್ಕ ನೋಡಿದ ಮೇಲೆ ಪ್ರಕಾಶಕರು ‘ಲೇಖಕರ ಹಿತಕ್ಕಾಗಿಯೇ ತಡಮಾಡುತ್ತೇವೆ’ ಎಂದಾಗಲೆಲ್ಲ ನಾವು ಪೆನ್ನು ಕಾಗದ ತೆಗೆದುಕೊಂಡು ಕೂರುತ್ತೇವೆ.

ಮುಂದಿನದು ನ್ಯಾಯಾಲಯದ ಅಧ್ಯಾಯ. 2012ರ ಏಪ್ರಿಲಿನಲ್ಲಿ ಅಮೆರಿಕದ ಸರಕಾರ ಆಪಲ್ ಮತ್ತು ಐದು ದೊಡ್ಡ ಪ್ರಕಾಶನಗಳ ಮೇಲೆ ಮೊಕದ್ದಮೆ ಹೂಡಿತು. ಪ್ರಕಾಶನಗಳು ಒಂದೊಂದಾಗಿ ರಾಜಿಯಾದವು. 2013ರ ಜುಲೈ 10ರಂದು ನ್ಯಾಯಾಧೀಶೆ ಡೆನಿಸ್ ಕೋಟ್ ಅವರು ಬೆಲೆ ಏರಿಸುವ ಒಳಸಂಚಿನಲ್ಲಿ ಆಪಲ್ ಪಾಲ್ಗೊಂಡಿತ್ತೆಂದು ತೀರ್ಪಿತ್ತರು. 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ ಮೇಲೆ ಆಪಲ್ 45 ಕೋಟಿ ಡಾಲರ್ ತೆರಬೇಕಾಯಿತು, ಅದರಲ್ಲಿ 40 ಕೋಟಿ ಓದುಗರಿಗೆ ಮರಳಿತು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಕಾಶಕರು ಬೆಲೆ ಇಡುವುದು ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. ಎಲ್ಲರೂ ಕೂಡಿ ಗುಟ್ಟಾಗಿ ಮಾತಾಡಿಕೊಂಡದ್ದು ತಪ್ಪು ಎಂದಿತು. ಆದ್ದರಿಂದ ಪ್ರಕಾಶನಗಳು 2014ರಿಂದ ಬೇರೆಬೇರೆಯಾಗಿ ಅಮೆಜಾನಿನೊಡನೆ ಮಾತನಾಡಿ ಬೆಲೆಯ ಅಧಿಕಾರವನ್ನು ಮತ್ತೆ ಪಡೆದುಕೊಂಡವು. ಅದರ ಫಲವಾಗಿ ಎಷ್ಟೋ ಸಲ ಕಾಗದದ ಪೇಪರ್‌ಬ್ಯಾಕಿಗಿಂತ ಇ-ಪುಸ್ತಕವೇ ದುಬಾರಿಯಾಗಿರುವುದನ್ನು ಓದುಗರು ಕಾಣಬೇಕಾಯಿತು. ಫ್ರಾನ್ಸಿನಲ್ಲಾದರೆ 2011ರ ಕಾನೂನಿನ ಪ್ರಕಾರ ಇ-ಪುಸ್ತಕದ ಬೆಲೆಯನ್ನು ಪ್ರಕಾಶಕರೇ ಇಡಬೇಕು, ಎಲ್ಲ ಅಂಗಡಿಗಳೂ ಅದೇ ಬೆಲೆಗೆ ಮಾರಬೇಕು. ಅಲ್ಲಿ ಅದು ಗುಟ್ಟಿನ ಮಾತಲ್ಲ, ಬಹಿರಂಗವಾದ ಶಾಸನ.

ಕಾಯಿಸುವ ಉಪಾಯ ಅಲ್ಲಿಗೇ ಸಾಯಲಿಲ್ಲ. 2019ರ ನವೆಂಬರಿನಲ್ಲಿ ಅದೇ ಮ್ಯಾಕ್‌ಮಿಲನ್ ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದು ನಿಯಮ ಮಾಡಿತು. ಹೊಸ ಪುಸ್ತಕ ಬಂದ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ, ಅದು ಎಷ್ಟೇ ದೊಡ್ಡ ನಗರದ್ದಾಗಿರಲಿ, ಒಂದೇ ಒಂದು ಇ-ಪ್ರತಿ. ಗ್ರಂಥಪಾಲಕರು ಪ್ರತಿಭಟಿಸಿದರು, ಹಲವು ಗ್ರಂಥಾಲಯಗಳು ಕೊಳ್ಳುವುದನ್ನೇ ನಿಲ್ಲಿಸಿದವು. 2020ರ ಮಾರ್ಚಿನಲ್ಲಿ ಆ ನಿಯಮ ಹಿಂದಕ್ಕೆ ಹೋಯಿತು. ಇಲ್ಲಿ ಕಾಯಬೇಕಾಗಿದ್ದವರು ಯಾರೆಂದು ಗಮನಿಸಿ. ಕೊಂಡು ಓದಲಾರದೆ ಗ್ರಂಥಾಲಯದ ಸಾಲಿನಲ್ಲಿ ನಿಂತವರು.

ನಿಧಾನವಾಗಿ ಯೋಚಿಸಿದರೆ ಇದು ಹಳೆಯ ಪದ್ಧತಿ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಕಾದಂಬರಿಗಳು ಮೂರು ಸಂಪುಟಗಳಲ್ಲಿ, ಮೂವತ್ತೊಂದೂವರೆ ಷಿಲಿಂಗ್ ಬೆಲೆಯಲ್ಲಿ ಬರುತ್ತಿದ್ದವು. ಸಾಮಾನ್ಯರು ಕೊಳ್ಳುವ ಬೆಲೆಯಲ್ಲ ಅದು. ಸುಲಭ ಬೆಲೆಯ ಒಂದೇ ಸಂಪುಟದ ಆವೃತ್ತಿ ಬರಬೇಕಾದರೆ ತಿಂಗಳುಗಳು ಕಾಯಬೇಕಿತ್ತು. 1935ರಲ್ಲಿ ಅಲೆನ್ ಲೇನ್ ಆರು ಪೆನ್ಸಿಗೆ ಪೆಂಗ್ವಿನ್ ಪುಸ್ತಕಗಳನ್ನು ತಂದಾಗಲೂ ಅವು ಬೇರೆಯವರು ಮೊದಲೇ ಪ್ರಕಟಿಸಿದ್ದ ಪುಸ್ತಕಗಳ ಅಗ್ಗದ ಮುದ್ರಣಗಳೇ. ಹಣವಿದ್ದವರು ಹಣ ಕೊಟ್ಟು ಓದಿದರು, ಇಲ್ಲದವರು ಕಾಲ ಕೊಟ್ಟು ಓದಿದರು.

ಇದನ್ನು ಪೂರ್ತಿ ಅನ್ಯಾಯವೆಂದು ನಾವು ಹೇಳುವುದಿಲ್ಲ. ಆತುರವಿದ್ದವರು ಕೊಟ್ಟ ಹೆಚ್ಚಿನ ಹಣದಿಂದಲೇ ಪುಸ್ತಕ ಹೊರಬರುತ್ತದೆ, ಆಮೇಲೆ ಉಳಿದವರಿಗೆ ಅಗ್ಗವಾಗಿ ಸಿಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಕಾಲದ ಕಾಯುವಿಕೆಗೆ ಒಂದು ಕಾರಣವಿತ್ತು. ಅಗ್ಗದ ಆವೃತ್ತಿ ಎಂದರೆ ಮತ್ತೆ ಕಾಗದ ತರಬೇಕು, ಮತ್ತೆ ಅಚ್ಚು ಹಾಕಬೇಕು, ಮತ್ತೆ ಕಟ್ಟಬೇಕು. ನಮ್ಮ ಬಾಲ್ಯದ ಉರ್ದು ಶಾಲೆಯ ದಿನಗಳು ನೆನಪಾಗುತ್ತವೆ. ಆಗ ಉರ್ದು ಪುಸ್ತಕವೆಂದರೆ ಕಾತಿಬ್ ಸಾಹೇಬರು ಒಂದೊಂದು ಪುಟವನ್ನೂ ಕೈಯಿಂದ ಬರೆಯಬೇಕಿತ್ತು. ನಸ್ತಾಲೀಖ್ ಲಿಪಿಗೆ ಕಂಪ್ಯೂಟರಿನ ಇನ್‌ಪೇಜ್ ಬಂದದ್ದು 90ರ ದಶಕದಲ್ಲಿ. ಕಾತಿಬರ ಕೈನೋವು, ಕಣ್ಣುನೋವು ಪುಸ್ತಕದ ಬಿಡುಗಡೆಯನ್ನು ಮುಂದೂಡುತ್ತಿದ್ದವು. ಅದನ್ನು ಯಾರೂ ದೂರುತ್ತಿರಲಿಲ್ಲ.

ಇಂದಿನ ಸ್ಥಿತಿ ತಿರುವುಮುರುವು. ಇಂದು ಅಚ್ಚಾಗುವ ಪ್ರತಿ ಪುಸ್ತಕವೂ ಮೊದಲು ಕಂಪ್ಯೂಟರಿನಲ್ಲಿ ಒಂದು ಕಡತವಾಗಿ ಹುಟ್ಟುತ್ತದೆ, ಆಮೇಲೆ ಕಾಗದವಾಗುತ್ತದೆ. ಇ-ಪುಸ್ತಕದ ಮೂಲ ಮುದ್ರಿತ ಪುಸ್ತಕಕ್ಕಿಂತ ಮೊದಲೇ ಸಿದ್ಧವಾಗಿರುತ್ತದೆ. ಅದನ್ನು ಬೀಗ ಹಾಕಿ ಇಟ್ಟು ಕಾಯಿಸುವುದು ಮನುಷ್ಯರ ತೀರ್ಮಾನ, ಯಂತ್ರದ ಅಡಚಣೆಯಲ್ಲ. ತೀರ್ಮಾನವಾದ ಮೇಲೆ ಅದು ನ್ಯಾಯವೇ ಎಂದು ಕೇಳುವ ಹಕ್ಕು ಓದುಗರಿಗೆ ಇದೆ.

ಇನ್ನು ನಮ್ಮ ಕನ್ನಡದ ಕಡೆ ಬರೋಣ. ನಮ್ಮಲ್ಲಿ ಕ್ರಮ ಯಾವತ್ತೂ ಇಂಗ್ಲೆಂಡಿನಂತೆ ಇರಲಿಲ್ಲ. ‘ಸುಧಾ’, ‘ತರಂಗ’, ‘ಪ್ರಜಾಮತ’ಗಳಲ್ಲಿ ಕಾದಂಬರಿಗಳು ಮೊದಲು ಧಾರಾವಾಹಿಯಾಗಿ ಬರುತ್ತಿದ್ದವು, ಆಮೇಲೆ ಪುಸ್ತಕವಾಗುತ್ತಿದ್ದವು. ಅಂದರೆ ಎಲ್ಲಕ್ಕಿಂತ ಅಗ್ಗವಾದ ರೂಪವೇ ಮೊದಲು. ಒಂದು ವಾರಪತ್ರಿಕೆಯನ್ನು ನಾಲ್ಕು ಮನೆಯವರು ಹಂಚಿಕೊಂಡು ಓದುತ್ತಿದ್ದರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 80ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ಪತ್ರಿಕೆಯಲ್ಲಿ ಓದಿಬಿಟ್ಟರು, ಇನ್ನು ಪುಸ್ತಕ ಯಾರು ಕೊಳ್ಳುತ್ತಾರೆ ಎಂದು ಆಗ ಹೆದರಿದ್ದರೆ ಕನ್ನಡಕ್ಕೆ ಆ ಪುಸ್ತಕ ಸಿಗುತ್ತಿರಲಿಲ್ಲ. ಪತ್ರಿಕೆಯ ಓದೇ ಪುಸ್ತಕಕ್ಕೆ ಓದುಗರನ್ನು ಹುಟ್ಟಿಸಿತು. ಊರೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಬಾಡಿಗೆಗೆ ತಂದು ಓದಿದವರೇ ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಇಷ್ಟವಾದ ಪುಸ್ತಕವನ್ನು ಕೊಂಡು ಮನೆಯಲ್ಲಿಟ್ಟುಕೊಂಡರು. ಅಗ್ಗದ್ದು ದುಬಾರಿಯದನ್ನು ನುಂಗುತ್ತದೆ ಎಂಬ ಭಯಕ್ಕೆ ಕನ್ನಡದ ಅನುಭವವೇ ಉತ್ತರ ಹೇಳುತ್ತದೆ.

ಹಾಗಾದರೆ ನಮ್ಮ ಪ್ರಕಾಶಕರ ಭಯಕ್ಕೆ ಬುಡವೇ ಇಲ್ಲವೇ? ಇದೆ. ಅದು ಬೇರೆ ಜಾಗದಲ್ಲಿದೆ. ಸಣ್ಣ ಕನ್ನಡ ಪ್ರಕಾಶಕರ ಬಂಡವಾಳ ಮರಳುವುದು ಹೆಚ್ಚಾಗಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಿಂದ. ಆಯ್ಕೆಯಾದ ಶೀರ್ಷಿಕೆಯ 300 ಪ್ರತಿಗಳವರೆಗೆ, ಪುಟದ ಲೆಕ್ಕದಲ್ಲಿ ದರ ಕಟ್ಟಿ ಕೊಳ್ಳುವ ವ್ಯವಸ್ಥೆ ಅದು. 500 ಪ್ರತಿ ಅಚ್ಚು ಹಾಕಿದವರಿಗೆ 300 ಎಂದರೆ ಜೀವದಾನ. ಆ ಖರೀದಿಯೆಲ್ಲ ಕಾಗದದ ಪುಸ್ತಕಕ್ಕೆ. ಆದ್ದರಿಂದ ಅದು ಮುಗಿಯುವವರೆಗೆ ಬೇರೇನೂ ಬೇಡ ಎಂಬ ಎಚ್ಚರಿಕೆ. ಆದರೆ ಇ-ಪುಸ್ತಕ ಇದೆಯೆಂದು ಒಂದು ಪುಸ್ತಕವನ್ನು ಆಯ್ಕೆಯಿಂದ ಕೈಬಿಟ್ಟ ಒಂದೇ ಒಂದು ಉದಾಹರಣೆಯನ್ನೂ ನಮ್ಮ ಪ್ರಕಾಶಕರು ತೋರಿಸಲಿಲ್ಲ.

ತೆರಿಗೆಯಲ್ಲೂ ಕಾಗದವೇ ಹಿರಿಯಣ್ಣ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಮುದ್ರಿತ ಪುಸ್ತಕಕ್ಕೆ ತೆರಿಗೆ ಇರಲಿಲ್ಲ, ಇ-ಪುಸ್ತಕಕ್ಕೆ ಶೇಕಡ 18. ಮರುವರ್ಷ ಜುಲೈಯಲ್ಲಿ ಅದನ್ನು 5ಕ್ಕೆ ಇಳಿಸಿದರು, ಆದರೆ ಮುದ್ರಿತ ರೂಪವೂ ಇರುವ ಪುಸ್ತಕಕ್ಕೆ ಮಾತ್ರ. ಅಚ್ಚು ಹಾಕಿಸಲು ಹಣವಿಲ್ಲದೆ ನೇರವಾಗಿ ಇ-ಪುಸ್ತಕ ತರುವ ಹೊಸ ಕತೆಗಾರ್ತಿಗೆ ಆ ರಿಯಾಯಿತಿ ಸಿಗದು. ಕಾಗದವಿಲ್ಲದ ಪುಸ್ತಕ ಯಾಕೆ ಅಗ್ಗವಲ್ಲ ಎಂಬ ಪ್ರಶ್ನೆಗೆ ಒಂದು ಸಣ್ಣ ಉತ್ತರ ಇಲ್ಲೂ ಇದೆ.

ಅಕ್ಷರದ ತೊಡಕೂ ನಮ್ಮ ಕಾಲಿಗೆ ಸುತ್ತಿಕೊಂಡಿದೆ. ಡಿಟಿಪಿ ಮಾಡುವವರು ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಗಳಲ್ಲಿ ಪುಟ ಕಟ್ಟಿದ್ದಾರೆ. ಅದನ್ನು ಯೂನಿಕೋಡಿಗೆ ತಿರುಗಿಸಿದಾಗ ಒತ್ತಕ್ಷರಗಳು, ಅರ್ಕಾವತ್ತುಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ, ಮತ್ತೆ ಕರಡು ತಿದ್ದಬೇಕು. ಅದಕ್ಕೆ ಹಣ ಮತ್ತು ಸಮಯ ಬೇಕೆಂಬುದು ನ್ಯಾಯವಾದ ಮಾತು. 2016ರ ಡಿಸೆಂಬರಿನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. 2020ರಲ್ಲಿ ಕನ್ನಡಿಗರೇ ಕಟ್ಟಿದ ‘ಮೈಲ್ಯಾಂಗ್’ ಬಂದ ಮೇಲೆ ಕನ್ನಡದ ಹೊಸ ಇ-ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವ ಒಂದು ಜಾಗವಾಯಿತು. ಜಾಗವಿದೆ ಎಂದ ಮೇಲೆ ‘ಎಲ್ಲಿ ಮಾರೋಣ’ ಎಂಬ ನೆಪ ಉಳಿಯಲಿಲ್ಲ.

ಉರ್ದುವಿನಲ್ಲಿ ಇನ್ನೊಂದು ತುದಿಯನ್ನು ಕಾಣುತ್ತೇವೆ. 2013ರಲ್ಲಿ ಆರಂಭವಾದ ‘ರೇಖ್ತಾ’ ಅಪಾರ ಸಂಖ್ಯೆಯ ಹಳೆಯ ಉರ್ದು ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಓದಲು ಇಟ್ಟಿದೆ. ಅಂಗಡಿಗಳಲ್ಲಿ ಸಿಗದ, ಮನೆಗಳ ಅಟ್ಟದಲ್ಲಿ ಹುಳ ಹಿಡಿಯುತ್ತಿದ್ದ ಪುಸ್ತಕಗಳು ಮರುಜೀವ ಪಡೆದವು. ನಾವೂ ಅದರ ಋಣಿಗಳು. ಆದರೆ ಪರದೆಯ ಮೇಲಿನದೆಲ್ಲ ಪುಕ್ಕಟೆ ಎಂಬ ಅಭ್ಯಾಸ ಒಮ್ಮೆ ಬೆಳೆದರೆ ಬದುಕಿರುವ, ಬರೆಯುತ್ತಿರುವ ಲೇಖಕರು ಏನು ಮಾಡಬೇಕು? ಗತಿಸಿದವರ ಪುಸ್ತಕಕ್ಕೆ ಒಪ್ಪುವ ನಿಯಮ ನಿನ್ನೆ ಬಂದ ಪುಸ್ತಕಕ್ಕೆ ಒಪ್ಪುವುದಿಲ್ಲ. ಆದ್ದರಿಂದ ಇ-ಪುಸ್ತಕಕ್ಕೆ ಬೆಲೆ ಇರಲೇಬೇಕು ಎಂಬುದರಲ್ಲಿ ನಾವು ಪ್ರಕಾಶಕರ ಪಕ್ಷ.

ನಮ್ಮ ಸಂಕಲನದ ಇ-ಪುಸ್ತಕ ಬರುವ ಮೊದಲೇ ಇನ್ನೊಂದು ಘಟನೆ ನಡೆಯಿತು. ಯಾರೋ ಅದರ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಹರಿಯಬಿಟ್ಟರು. ಬಳಸಿ ಬಳಸಿ ಅದು ನಮಗೇ ಬಂದು ಮುಟ್ಟಿತು, ‘ಒಳ್ಳೆಯ ಕತೆಗಳು, ತಪ್ಪದೆ ಓದಿ’ ಎಂಬ ಶಿಫಾರಸಿನೊಡನೆ. ದುಡ್ಡು ಕೊಟ್ಟು ಕೊಳ್ಳಲು ಸಿದ್ಧನಿದ್ದ ದಮ್ಮಾಮಿನ ಹುಡುಗನಿಗೂ ಅದು ತಲುಪಿತ್ತು. ನಾವು ಬಾಗಿಲು ಹಾಕಿಟ್ಟ ಮಾತ್ರಕ್ಕೆ ಓದು ಹೊರಗೆ ನಿಂತು ಕಾಯುವುದಿಲ್ಲ, ಕಿಟಕಿ ಹುಡುಕಿಕೊಳ್ಳುತ್ತದೆ. ನಿವೃತ್ತ ಶಿಕ್ಷಕರಿಗೆ ಮಾತ್ರ ಆ ಪಿಡಿಎಫಿನಿಂದಲೂ ಪ್ರಯೋಜನವಾಗಲಿಲ್ಲ. ಫೋಟೋದಲ್ಲಿರುವ ಅಕ್ಷರವನ್ನು ಅವರ ಮೊಬೈಲು ಓದಿ ಹೇಳುವುದಿಲ್ಲ.

ಅವರಂತಹವರ ವಿಷಯದಲ್ಲಿ ನಮ್ಮ ದೇಶ ಹಿಂದುಳಿದಿಲ್ಲ ಎಂಬುದನ್ನೂ ಹೇಳಬೇಕು. 2012ರಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು, ದೃಷ್ಟಿ ಇಲ್ಲದವರು ಓದಬಲ್ಲ ರೂಪದಲ್ಲಿ ಪುಸ್ತಕವನ್ನು ಸಿದ್ಧಪಡಿಸಿಕೊಳ್ಳಲು ಅವಕಾಶ ಕೊಟ್ಟರು. ಇದೇ ಉದ್ದೇಶದ ಮರ್ರಾಕೇಶ್ ಅಂತಾರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಆದರೆ ಕಾನೂನು ಕೊಟ್ಟ ಹಕ್ಕು ಕೈಗೆ ಬರಬೇಕಾದರೆ ಯಾರೋ ಕುಳಿತು ಪುಸ್ತಕವನ್ನು ಮತ್ತೆ ಟೈಪು ಮಾಡಬೇಕು ಅಥವಾ ಓದಿ ಧ್ವನಿಮುದ್ರಿಸಬೇಕು. ಯೂನಿಕೋಡಿನಲ್ಲಿ ಮಾಡಿದ, ಓದಿ ಹೇಳುವ ಸೌಲಭ್ಯಕ್ಕೆ ಅಡ್ಡಿಯಿಲ್ಲದ ಇ-ಪುಸ್ತಕ ಮೊದಲ ದಿನವೇ ಬಂದರೆ ಕಣ್ಣಿದ್ದವರ ಜೊತೆಯಲ್ಲೇ ಅವರೂ ಓದುತ್ತಾರೆ. ಎಲ್ಲರೂ ಚರ್ಚಿಸಿ ಮುಗಿಸಿದ ಪುಸ್ತಕವನ್ನು ಒಂದು ವರ್ಷದ ನಂತರ ಒಬ್ಬರೇ ಓದುವುದಕ್ಕೂ ಇದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಸಾಹಿತ್ಯದ ಗೆಳೆತನ ಉಂಡವರು ಬಲ್ಲರು.

ಕೊನೆಗೆ ಬೆಲೆಯ ಮಾತು. ಪ್ರಕಾಶಕರು ನಮ್ಮ ಮುಂದಿಟ್ಟ ಲೆಕ್ಕ ಹೀಗಿತ್ತು. 180 ರೂಪಾಯಿಯಲ್ಲಿ ಮಾರಾಟಗಾರರ ಪಾಲು 72, ಕಾಗದ-ಅಚ್ಚು-ಬೈಂಡಿಂಗಿಗೆ ಸುಮಾರು 70, ನಮ್ಮ ಗೌರವಧನ 18, ಅವರಿಗೆ ಉಳಿಯುವುದು 20. ಇ-ಪುಸ್ತಕಕ್ಕೆ 90 ರೂಪಾಯಿ ಇಟ್ಟೆವೆಂದುಕೊಳ್ಳಿ. ತೆರಿಗೆ, ಆ್ಯಪಿನವರ ಪಾಲು ಎಂದು ಅರ್ಧ ಹೋದರೂ 45 ಉಳಿಯುತ್ತದೆ. ಪ್ರಕಾಶಕರು ಮತ್ತು ಲೇಖಕರು ಸಮನಾಗಿ ಹಂಚಿಕೊಂಡರೆ ತಲಾ ಇಪ್ಪತ್ತೆರಡೂವರೆ. ಓದುಗರಿಗೆ ಅರ್ಧ ಬೆಲೆ, ಆದರೂ ಇಬ್ಬರಿಗೂ ಮುದ್ರಿತ ಪ್ರತಿಗಿಂತ ತುಸು ಹೆಚ್ಚೇ. ಕರಡು ತಿದ್ದಿದ ಖರ್ಚನ್ನು ಮೊದಲ ಕೆಲವು ಪ್ರತಿಗಳ ಮಾರಾಟದಿಂದ ತೆಗೆದುಕೊಳ್ಳಲಿ, ನಮ್ಮ ಅಡ್ಡಿಯಿಲ್ಲ. ಇ-ಪುಸ್ತಕವನ್ನು ಮುದ್ರಿತ ಪ್ರತಿಯಷ್ಟೇ ಬೆಲೆಗೆ ಮಾರುವುದೂ ಪುಕ್ಕಟೆ ಕೊಡುವುದೂ ಎರಡೂ ಬೇಕಿಲ್ಲ. ಅರ್ಧ ಬೆಲೆ, ಅದೇ ದಿನ, ಸಮಪಾಲು. ಕನ್ನಡದ ಸಣ್ಣ ಮಾರುಕಟ್ಟೆಗೆ ಇದು ಒಗ್ಗುವ ನ್ಯಾಯ ಎಂದು ನಮಗೆ ಅನಿಸಿದೆ.

ಇದನ್ನು ಪ್ರಕಾಶಕರ ಒಳ್ಳೆಯತನಕ್ಕೆ ಬಿಟ್ಟು ಕೂರುವಂತಿಲ್ಲ. ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆ ಅಚ್ಚಾಗುತ್ತವೆ, ಒಪ್ಪಂದ ಪತ್ರವಿದ್ದರೂ ಇ-ಪುಸ್ತಕದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕತೆ, ಕವಿತೆ ಬರೆಯುವ ಗೆಳೆಯರು, ಅದರಲ್ಲೂ ಮೊದಲ ಪುಸ್ತಕ ತರುತ್ತಿರುವ ಹುಡುಗ ಹುಡುಗಿಯರು, ಅಚ್ಚಿಗೆ ಕೊಡುವ ಮುಂಚೆ ನಾಲ್ಕು ವಿಷಯ ಬರೆಸಿಕೊಳ್ಳಲಿ. ಇ-ಪುಸ್ತಕ ಯಾವ ದಿನ ಬರುತ್ತದೆ, ಬೆಲೆ ಎಷ್ಟರೊಳಗೆ ಇರುತ್ತದೆ, ಬಂದ ಹಣದಲ್ಲಿ ಬರೆದವರಿಗೆ ಎಷ್ಟು, ಆ ದಿನದೊಳಗೆ ಬಾರದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆಯೇ. ನಮ್ಮ ಮುಂದಿನ ಸಂಕಲನದ ಕರಡಿನ ಜೊತೆ ಈ ನಾಲ್ಕು ಸಾಲುಗಳನ್ನೂ ಪ್ರಕಾಶಕರಿಗೆ ಕಳಿಸಿದ್ದೇವೆ. ಮೂರಕ್ಕೆ ಒಪ್ಪಿದ್ದಾರೆ. ದಿನಾಂಕದ ಮಾತು ಇನ್ನೂ ನಡೆಯುತ್ತಿದೆ. ಅದು ಇತ್ಯರ್ಥವಾಗದೆ ಸಹಿ ಮಾಡುವುದಿಲ್ಲವೆಂದು ತಿಳಿಸಿದ್ದೇವೆ.